ಹೋತಕ್ಕೆ ಮೂತ್ರ ಕಟ್ಟಿದರೆ ಮನೆಮದ್ದು ಸಾಕೇ?

ಪ್ರಶ್ನೆ: ಬೀಜ ಒಡೆಸಿದ ನಮ್ಮ ಹೋತ (30 ಕಿಲೋ) ಬೆಳಗ್ಗಿನಿಂದ ಬೆನ್ನು ಬಾಗಿಸಿ ತಿಣುಕುತ್ತಿದೆ. ಮೂತ್ರ ಹನಿ ಹನಿಯಾಗಿ ಬರುತ್ತಿದೆ. ಕಲ್ಲು ಕರಗಿಸಲು ಅಮೋನಿಯಂ ಕ್ಲೋರೈಡ್ ಕುಡಿಸಬಹುದೇ?

ಉತ್ತರ: ಈಗ ಬೇಡ, ಇಂದೇ ಪಶುವೈದ್ಯರಿಗೆ ತೋರಿಸಿ. ದಾರಿ ಕಟ್ಟಿರುವಾಗ ಬಲವಂತವಾಗಿ ನೀರು ಕುಡಿಸಿದರೆ ಮೂತ್ರಕೋಶ ಇನ್ನಷ್ಟು ಉಬ್ಬುತ್ತದೆ. ಒಂದೆರಡು ದಿನದಲ್ಲಿ ಒಡೆಯಲೂಬಹುದು. ಒಡೆದಾಗ ತಿಣುಕುವುದು ನಿಂತು ಹೋತ ಕೊಂಚ ಗೆಲುವಾದಂತೆ ಕಾಣುತ್ತದೆ, ಮೋಸಹೋಗಬೇಡಿ. ಶಿಶ್ನದ ತುದಿಯಲ್ಲಿ ಎಳೆಯಂಥ ಸಣ್ಣ ಬಾಲವಿರುತ್ತದೆ. ಕಲ್ಲು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಅಲ್ಲೇ. ವೈದ್ಯರು ಮಂಪರು ಕೊಟ್ಟು ಅದನ್ನು ಕತ್ತರಿಸಿದರೆ ಕೆಲವೊಮ್ಮೆ ತಕ್ಷಣ ಮೂತ್ರ ಹರಿಯುತ್ತದೆ. ನೀವೇ ಕತ್ತರಿಸಲು ಹೋಗಬೇಡಿ.

ಮೂತ್ರ ಸರಾಗವಾದ ಮೇಲೆ ಅಮೋನಿಯಂ ಕ್ಲೋರೈಡ್‌ಗೆ ಅರ್ಥವಿದೆ. ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 200 ಮಿ.ಗ್ರಾಂ, ಅಂದರೆ ನಿಮ್ಮ ಹೋತಕ್ಕೆ 6 ಗ್ರಾಂ. ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಲಿ. ಧಾನ್ಯದಿಂದಾಗುವ ಸ್ಟ್ರುವೈಟ್ (ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿದ) ಕಲ್ಲಿಗೆ ಇದು ನಾಟುತ್ತದೆ, ಕ್ಯಾಲ್ಸಿಯಂ ಕಲ್ಲಿಗೆ ಅಷ್ಟಾಗಿ ಇಲ್ಲ.

ಧಾನ್ಯ, ಹೊಟ್ಟು ನಿಲ್ಲಿಸಿ ಒಣಹುಲ್ಲು ಕೊಡಿ. ಮೇವಿನಲ್ಲಿ ರಂಜಕದ ಎರಡರಷ್ಟು ಕ್ಯಾಲ್ಸಿಯಂ ಇರಲಿ. ಉಪ್ಪಿನ ಗಡ್ಡೆ, ಶುದ್ಧ ನೀರು ಸದಾ ಎದುರಿಗಿರಲಿ.