ಬೊಲಿವಿಯಾದಲ್ಲಿ ಮೊದಲ ನಾಲ್ಕು ದಿನ: ಏನೂ ಪ್ಲಾನ್ ಇಟ್ಟುಕೊಳ್ಳಬೇಡಿ

ನೀವು ಕೇಳಿರುವುದು ಎರಡು. ಗಂಡ ಹೆಂಡತಿ ಇಬ್ಬರೇ ಬ್ಯಾಕ್‌ಪ್ಯಾಕ್ ಹಾಕಿಕೊಂಡು ಬೊಲಿವಿಯಾಕ್ಕೆ ಹೋಗುವಾಗ ಪೆರುವಿನ ಲಿಮಾದಿಂದ ಸೀದಾ ಲಾ ಪಾಸ್‌ಗೆ ವಿಮಾನ ಹತ್ತೋದಾ, ಇಲ್ಲ ಬಸ್ಸಲ್ಲಿ ಹೋಗೋದಾ? ಮೊದಲ ನಾಲ್ಕು ದಿನ ಏನೇನು ನೋಡೋದು? ನನ್ನ ಉತ್ತರ: ಬಸ್ಸು. ನಾಲ್ಕು ದಿನಕ್ಕೆ ಏನೂ ಇಟ್ಟುಕೊಳ್ಳಬೇಡಿ.

ನಾನೂ ನನ್ನ ಗಂಡನೂ ಹೋಗಿದ್ದು 2018ರ ಜೂನ್‌ನಲ್ಲಿ. ಅಲ್ಲಿ ಆಗ ಚಳಿಗಾಲ. ಲಾ ಪಾಸ್‌ನ ವಿಮಾನ ನಿಲ್ದಾಣ ಇರುವುದು ಊರಿನ ಮೇಲ್ಗಡೆ, ಎಲ್ ಆಲ್ಟೋದಲ್ಲಿ. ಸುಮಾರು 4,060 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಅಂದರೆ, ಅಂಥ ಎರಡನ್ನು ಒಂದರ ಮೇಲೊಂದು ಇಟ್ಟರೂ ಸಾಲದು. ಸಮುದ್ರದ ಪಕ್ಕದ ಲಿಮಾದಲ್ಲಿ ತಿಂಡಿ ತಿಂದು ಮಧ್ಯಾಹ್ನ ಅಲ್ಲಿ ಇಳಿದು ಹದಿನೈದು ಕೆಜಿ ಬ್ಯಾಗ್ ಬೆನ್ನಿಗೆ ಹಾಕಿಕೊಂಡರೆ ಏನಾಗಬಹುದು ಯೋಚಿಸಿ. ಅದಕ್ಕೇ ನಾವು ಮೊದಲು ಪೆರುವಿನಲ್ಲೇ ಇರುವ ಅರೆಕಿಪಾದಲ್ಲಿ ಉಳಿದುಕೊಂಡೆವು, ಅದು 2,300 ಮೀಟರ್ ಚಿಲ್ಲರೆ. ಆಮೇಲೆ ಪುನೋ. ಅಲ್ಲಿಂದ ಬಸ್ಸಲ್ಲಿ ಗಡಿ ದಾಟಿ ಟಿಟಿಕಾಕಾ ಸರೋವರದ ದಡದ ಕೋಪಕಬಾನಾ. (ಬ್ರೆಜಿಲ್‌ನ ಬೀಚ್ ಅಲ್ಲ. ಆ ಬೀಚಿಗೆ ಹೆಸರು ಬಂದಿದ್ದೇ ಈ ಊರಿನ ಮೇರಿ ಮಾತೆಯಿಂದ.)

ಇಷ್ಟು ನಿಧಾನಕ್ಕೆ ಹೋದರೂ ತಲೆನೋವು ಬಂತು. ಗಾಳಿ ತೆಳುವಾಗಿರುವ ಎತ್ತರದಲ್ಲಿ ಬರುವ ಈ ಕಾಯಿಲೆಗೆ ಅಲ್ಲಿ ಸೊರೊಚೆ ಅನ್ನುತ್ತಾರೆ. ತಲೆ ಹಿಡಿದುಕೊಳ್ಳುತ್ತದೆ, ನಿದ್ದೆ ಬರುವುದಿಲ್ಲ, ಹಸಿವಿಲ್ಲ. ಜೋಡಿಯಾಗಿ ಹೋಗುವವರಿಗೆ ಒಂದು ಮಾತು: ತಲೆನೋವು ಒಬ್ಬರಿಗೆ ಬಂದರೂ ಸಿಡುಕು ಇಬ್ಬರಿಗೂ ಬರುತ್ತದೆ. ನಮ್ಮ ಇಡೀ ಪ್ರವಾಸದ ದೊಡ್ಡ ಜಗಳ ಆಗಿದ್ದು ಅಲ್ಲೇ, ಎರಡನೇ ಬೆಳಗ್ಗೆ, ಒಂದು ವಾಚಿನ ವಿಷಯಕ್ಕೆ.

ಕಸಾನಿ ಅನ್ನುವ ಗಡಿಯಲ್ಲಿ ಪೆರುವಿನ ಸ್ಟಾಂಪ್ ಹಾಕಿಸಿಕೊಂಡು, ಕಲ್ಲಿನ ಕಮಾನಿನ ಕೆಳಗೆ ನಡೆದುಕೊಂಡೇ ಬೊಲಿವಿಯಾಕ್ಕೆ ಹೋಗಬೇಕು. ಸಣ್ಣ ಏರು ಅಷ್ಟೇ, ಆದರೂ ನಾನು ಮೂರು ಸಲ ನಿಂತೆ. ಆ ಕಮಾನು ದಾಟಿದರೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಇದು ನಮಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಅಲ್ಲಿನ ಸಿಮ್ ಇರಲಿಲ್ಲ, ಇವನ ವಾಚು ಇನ್ನೂ ಪೆರುವಿನಲ್ಲೇ ಇತ್ತು. ಸೂರ್ಯದ್ವೀಪಕ್ಕೆ ಎಂಟೂವರೆಯ ದೋಣಿಗೆ ಟಿಕೆಟ್ ತಗೊಂಡಿದ್ದೆವು. ಆರಾಮಾಗಿ ದಡಕ್ಕೆ ಹೋದರೆ ದೋಣಿ ಹೋಗಿ ಒಂದು ಗಂಟೆಯಾಗಿತ್ತು. "ನೀನು ನೋಡಬೇಕಿತ್ತು", "ವಾಚು ಯಾರ ಕೈಯಲ್ಲಿದೆ", ಅಲ್ಲೇ ನಿಂತು ಶುರುವಾಯಿತು. ಕನ್ನಡ ಯಾರಿಗೂ ಅರ್ಥವಾಗಲ್ಲ ಅನ್ನೋದೊಂದು ಅನುಕೂಲ.

ದೋಣಿ ತಪ್ಪಿದ್ದೇ ಒಳ್ಳೆಯದಾಯಿತು. ಮಾತಿಲ್ಲದೆ ಊರೊಳಗೆ ನಡೆದು ಬಂದರೆ ದೊಡ್ಡ ಬಿಳಿ ಚರ್ಚಿನ ಮುಂದೆ ಕಾರು, ಜೀಪು, ಮಿನಿಬಸ್ಸು ಸಾಲಾಗಿ ನಿಂತಿದ್ದವು. ಬಾನೆಟ್ ಮೇಲೆ ಹೂವು, ಕನ್ನಡಿಗೆ ಹಾರ, ಬಣ್ಣದ ಕಾಗದ. ಪಾದ್ರಿ ಬಂದು ಇಂಜಿನ್‌ಗೂ ಸೀಟಿಗೂ ಮನೆಯವರ ತಲೆಗೂ ತೀರ್ಥ ಚಿಮುಕಿಸಿದರು. ಅವರು ಮುಂದಿನ ಗಾಡಿಗೆ ಹೋದ ತಕ್ಷಣ ಈ ಗಾಡಿಯವರು ಬಿಯರ್ ಬಾಟಲಿ ಕುಲುಕಿ ನಾಲ್ಕೂ ಚಕ್ರಕ್ಕೆ ಸುರಿದು, ಪಟಾಕಿ ಹಚ್ಚಿದರು. ಥೇಟ್ ನಮ್ಮ ಆಯುಧಪೂಜೆ! ಚಕ್ರದ ಕೆಳಗೆ ನಿಂಬೆಹಣ್ಣು ಒಂದೇ ಕಡಿಮೆ. ಇವನು ಮೆಲ್ಲಗೆ "ಬೂದುಗುಂಬಳಕಾಯಿ ಎಲ್ಲಿ ಒಡೀತಾರೆ?" ಅಂದ. ನಾನು ನಕ್ಕೆ. ಜಗಳ ಮುಗಿಯಿತು. ದ್ವೀಪಕ್ಕೆ ಮಾರನೇ ದಿನ ಹೋದೆವು. ದೋಣಿ ಇಳಿದ ಕೂಡಲೇ ಇನ್ಕಾ ಕಾಲದ ಇನ್ನೂರು ಚಿಲ್ಲರೆ ಮೆಟ್ಟಿಲು ಹತ್ತಬೇಕು, ಹಾಗಾಗಿ ಒಂದು ದಿನ ಸುಮ್ನೆ ಕೂತಿದ್ದು ಲಾಭವೇ ಆಯಿತು.

ಸಸ್ಯಾಹಾರಿಗಳಾ ನೀವು? ನಾವು ಹೌದು. "ಸಿನ್ ಕಾರ್ನೆ" ಅಂದರೆ ಮಾಂಸ ಇಲ್ಲದ್ದು ಅಂತ ಕಲಿತುಕೊಂಡು ಹೋಗಿದ್ದೆ. ಚಿಕನ್ ಬಂತು. ಅವರ ಲೆಕ್ಕದಲ್ಲಿ ಕಾರ್ನೆ ಅಂದರೆ ದನದ ಮಾಂಸ. "ನಿ ಪೊಯೊ" ಅಂತಲೂ ಸೇರಿಸಿ ಹೇಳಿ, ಅಂದರೆ ಕೋಳಿಯೂ ಬೇಡ. ಸೂಪಿನ ನೀರು ಯಾವುದರದ್ದು ಅಂತ ಕೇಳದಿದ್ದರೆ ನೆಮ್ಮದಿ ಜಾಸ್ತಿ. ಕೊನೆಗೆ ಒಂದು ರಾತ್ರಿ ಹಾಸ್ಟೆಲಿನ ಅಡುಗೆಮನೆಯಲ್ಲಿ ಅನ್ನಕ್ಕಿಟ್ಟೆವು, ಬ್ಯಾಗಲ್ಲಿ ಪುಳಿಯೋಗರೆ ಗೊಜ್ಜು ಇತ್ತು. ನೀರು ಕೊತಕೊತ ಕುದಿಯುತ್ತಿದೆ, ಮುಕ್ಕಾಲು ಗಂಟೆಯಾದರೂ ಅಗುಳಿನ ನಡುವೆ ಕಲ್ಲು. ಆ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 87 ಡಿಗ್ರಿಗೆ, ಎಷ್ಟು ಉರಿ ಕೊಟ್ಟರೂ ಅದಕ್ಕಿಂತ ಬಿಸಿ ಆಗಲ್ಲ. ಹಾಸ್ಟೆಲಿನ ಅಮ್ಮ ನೋಡಿ ನೋಡಿ ಸಾಕಾಗಿ, ಮೇಲಿನ ಕಪಾಟಿನಿಂದ ಪ್ರೆಶರ್ ಕುಕ್ಕರ್ ತೆಗೆದುಕೊಟ್ಟರು. ಬೆಂಗಳೂರಿನಿಂದ ಹೋದವರಿಗೆ ಕುಕ್ಕರ್ ಹೊಳೆಯಲಿಲ್ಲ ನೋಡಿ.

ನಾಲ್ಕನೇ ದಿನ ಲಾ ಪಾಸ್ ಬಸ್ಸು. ದಾರಿಯಲ್ಲಿ ತಿಕಿನಾ ಅನ್ನುವ ಕಡೆ ಸರೋವರ ಕಿರಿದಾಗುತ್ತದೆ. ಎಲ್ಲರನ್ನೂ ಇಳಿಸಿ ಸಣ್ಣ ದೋಣಿಗೆ ಹತ್ತಿಸುತ್ತಾರೆ, ಬಸ್ಸು ಮಾತ್ರ ಮರದ ತೆಪ್ಪದ ಮೇಲೆ ಬೇರೆಯಾಗಿ ಓಲಾಡುತ್ತಾ ಬರುತ್ತದೆ, ನಮ್ಮ ಬಟ್ಟೆಬರೆ ಎಲ್ಲ ಹೊತ್ತುಕೊಂಡು. ಪಾಸ್‌ಪೋರ್ಟು, ದುಡ್ಡು ಮಾತ್ರ ಮೈಮೇಲೇ ಇರಲಿ. ಲಾ ಪಾಸ್‌ನಲ್ಲಿ ಮೊದಲ ದಿನ ನಡೆಯಲು ಹೋಗಬೇಡಿ, ಎಲ್ಲ ರಸ್ತೆಯೂ ಏರು. 2014ರಿಂದ ಕೇಬಲ್ ಕಾರೇ ಅಲ್ಲಿನ ಮೆಟ್ರೋ. ಆಗ ಟಿಕೆಟ್ 3 ಬೊಲಿವಿಯಾನೋ. ಕೂತಲ್ಲೇ ಇಡೀ ಊರು, ಹಿಂದೆ ಹಿಮದ ಇಲಿಮಾನಿ ಪರ್ವತ.

ಡಾಲರ್ ನಗದು ತಗೊಂಡು ಹೋಗಿ, ನೋಟು ಗರಿಗರಿಯಾಗಿರಲಿ. ಅಂಚು ಹರಿದ ನೋಟನ್ನು ನಮ್ಮಿಂದ ಯಾರೂ ಮುಟ್ಟಲಿಲ್ಲ. ವೀಸಾ ನಾವು ಪುನೋದಲ್ಲೇ ಮಾಡಿಸಿಕೊಂಡಿದ್ದೆವು, ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ಕೋಕಾ ಎಲೆಯ ಟೀ ಅಲ್ಲಿ ಎಲ್ಲರೂ ಕುಡಿಯುತ್ತಾರೆ, ನೀವೂ ಕುಡಿಯಿರಿ, ಆದರೆ ಎಲೆ ಊರಿಗೆ ತರಬೇಡಿ, ನಮ್ಮಲ್ಲಿ ಅಪರಾಧ. ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ, ನಡಿಗೆ ತೂರಾಡಿದರೆ ಟೀ ನೆಚ್ಚಿಕೊಳ್ಳದೆ ಡಾಕ್ಟರ್ ಹತ್ತಿರ ಹೋಗಿ, ಕೆಳಗೆ ಇಳಿಯಿರಿ.

ಇನ್ನು ಮಾರ್ಕೆಟ್. ಲ್ಯಾಹ್ವಾ ಅಂತ ಟೊಮೆಟೊ, ಲೊಕೊಟೊ ಮೆಣಸಿನಕಾಯಿಯ ಚಟ್ನಿ, ಚಪ್ಪಟೆ ಕಲ್ಲಿನ ಮೇಲೆ ಅರ್ಧಚಂದ್ರದಂಥ ಇನ್ನೊಂದು ಕಲ್ಲು ತೂಗಿ ಅರೆಯುತ್ತಾರೆ. ಬ್ರೆಡ್ಡಿಗೆ ಹಚ್ಚಿಕೊಂಡು ಎರಡು ಹೊತ್ತು ಅದನ್ನೇ ತಿಂದೆವು. ಹಣ್ಣು ಕೊಂಡಾಗ "ಯಾಪಾ?" ಅಂತ ಕೇಳಿ. ಅಂದರೆ ಕೊಸರು! ನಮ್ಮ ತರಕಾರಿಯವರ ಹತ್ತಿರ ಕೇಳುವ ಅದೇ ಕೊಸರು. ಅಗಲ ಲಂಗ, ಗುಂಡು ಹ್ಯಾಟಿನ ಅಜ್ಜಿಯೊಬ್ಬರು ನನ್ನ ಮುಖ ನೋಡಿ, ಇವನ ಮುಖ ನೋಡಿ, ಒಂದು ಕಿತ್ತಳೆ ಎತ್ತಿ ನನ್ನ ಕೈಗೆ ಹಾಕಿದರು. ಇವನು ಕೈ ಚಾಚಿದ. ಸಿಗಲಿಲ್ಲ.

ಅಯ್ಯೋ, ಮುಖ್ಯವಾದದ್ದೇ ಮರೆತೆ. ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮುಂಚೆ ಇಬ್ಬರೂ ಹಳದಿ ಜ್ವರದ ಲಸಿಕೆ ಹಾಕಿಸಿ, ಲಸಿಕೆಯ ಸರ್ಟಿಫಿಕೇಟಾದ ಹಳದಿ ಪುಸ್ತಕ ಪಾಸ್‌ಪೋರ್ಟ್ ಜೊತೆಗೇ ಇಡಿ. ಬೊಲಿವಿಯಾದಿಂದ ಆ ಪುಸ್ತಕ ಇಲ್ಲದೆ ನೇರ ವಾಪಸ್ ಬಂದವರನ್ನು ಇಲ್ಲಿ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಕೂರಿಸಬಹುದು.