ಸ್ಪ್ರೂಸ್ ದುಂಬಿಗೆ ನೆಮಟೋಡ್ ಸಿಂಪಡಿಸಬಹುದಾ?

ನಮಸ್ಕಾರ. ಜರ್ಮನಿಯ ಹಾರ್ಜ್ ಬೆಟ್ಟದಲ್ಲಿ ಸ್ಪ್ರೂಸ್ ಎಂಬ ಸೂಜಿಎಲೆಯ ಮರಗಳು ತೊಗಟೆ ಕೊರೆಯುವ ದುಂಬಿಯಿಂದ ಒಣಗಿ ನಿಂತಿದ್ದನ್ನು ನೋಡಿದ್ದೀರಿ. ಆ ದುಂಬಿಯೊಳಗೇ ನೆಮಟೋಡ್ ಎಂಬ ಎಳೆಯಂಥ ಸಣ್ಣ ಹುಳ ಇರುತ್ತಂತೆ, ದುಂಬಿ ಕೊಲ್ಲಲು ಅದನ್ನೇ ಬೆಳೆಸಿ ಸಿಂಪಡಿಸಬಾರದೇ ಅಂತ ಕೇಳಿದ್ದೀರಿ. ಅಷ್ಟು ಸುಲಭವಲ್ಲ.

ಆ ದುಂಬಿ ಇಪ್ಸ್ ಟೈಪೋಗ್ರಾಫಸ್, ಉದ್ದ ಸುಮಾರು ಅರ್ಧ ಸೆಂಟಿಮೀಟರ್. ಸೂಕ್ಷ್ಮದರ್ಶಕದ ಕೆಳಗೆ, ಒಂದು ಹನಿ ಉಪ್ಪುನೀರಿನಲ್ಲಿ ಅದರ ಹೊಟ್ಟೆ ಬಿಡಿಸಿ ನೋಡಿ. ಸೋಂಕು ಇದ್ದರೆ ಬಿಳಿ ಎಳೆಗಳಂತೆ ಹುಳಗಳು ಹೊರಳುತ್ತಾ ಹೊರಬರುತ್ತವೆ. ಅವುಗಳಲ್ಲಿ ಒಂದು ಕಾಂಟಾರ್ಟಿಲೆಂಕಸ್. ತಾಯಿಹುಳ ದುಂಬಿಯ ಮೈಯೊಳಗೇ ಮೊಟ್ಟೆಯಿಡುತ್ತದೆ. ಮರಿಗಳು ಕರುಳಿಗೆ ನುಗ್ಗಿ, ಹಿಕ್ಕೆಯ ಜೊತೆ ತೊಗಟೆಯಡಿಯ ಸುರಂಗಕ್ಕೆ ಬೀಳುತ್ತವೆ. ಅಲ್ಲೇ ಬೆಳೆದು, ಕೂಡಿ, ಹೆಣ್ಣುಗಳು ದುಂಬಿಯ ಮರಿಹುಳುಗಳನ್ನು ಹೊಕ್ಕುತ್ತವೆ.

ಆದರೆ ದುಂಬಿ ಸಾಮಾನ್ಯವಾಗಿ ಸಾಯಲ್ಲ! ಸುಸ್ತಾಗುತ್ತದೆ, ಮೊಟ್ಟೆ ಕಡಿಮೆ ಇಡಬಹುದು, ಅಷ್ಟೇ. ಬಾಡಿಗೆದಾರ ಮನೆ ಕೆಡವುತ್ತಾನಾ? ಜೊತೆಗೆ ಇದಕ್ಕೆ ಜೀವಂತ ದುಂಬಿಯೇ ಬೇಕು, ಡಬ್ಬಿಯಲ್ಲಿ ಬೆಳೆಸೋದು ಕಷ್ಟ.

ಅಂಗಡಿಯಲ್ಲಿ ಸಿಗುವ ಸ್ಟೈನರ್ನೀಮಾ ಬೇರೆ ಜಾತಿಯ ನೆಮಟೋಡ್. ಅದು ತನ್ನ ಬ್ಯಾಕ್ಟೀರಿಯಾದಿಂದ ಕೀಟವನ್ನು ಒಂದೆರಡು ದಿನದಲ್ಲಿ ಕೊಲ್ಲುತ್ತದೆ. ಆದರೆ ಒಣ ತೊಗಟೆ, ಬಿಸಿಲು ಅಂದರೆ ಅದಕ್ಕಾಗಲ್ಲ.

ಕಾಡಿನಲ್ಲಿ ನಿಜಕ್ಕೂ ಗೆದ್ದ ನೆಮಟೋಡ್ ಡೆಲಾಡೀನಸ್. ಆಸ್ಟ್ರೇಲಿಯಾದ ಪೈನ್ ತೋಪುಗಳಲ್ಲಿ ಸೈರೆಕ್ಸ್ ಎಂಬ ಮರಕಣಜದ ಹೆಣ್ಣುಗಳನ್ನು ಬಂಜೆ ಮಾಡುತ್ತದೆ. ಶಿಲೀಂಧ್ರ ತಿಂದೂ ಬದುಕುತ್ತದೆ, ಅದಕ್ಕೇ ಪ್ರಯೋಗಾಲಯದಲ್ಲಿ ರಾಶಿ ರಾಶಿ ಬೆಳೆಸಲಾಗುತ್ತದೆ.

ನಿಮ್ಮ ಸುತ್ತಲಿನ ಸ್ಪ್ರೂಸ್‌ಗೆ ಸದ್ಯಕ್ಕೆ ಹಳೇ ದಾರಿಯೇ: ದುಂಬಿ ಹೊಕ್ಕ ಮರವನ್ನು, ಒಳಗಿನ ದುಂಬಿಗಳು ಹೊರಹಾರುವ ಮೊದಲು ಕಡಿದು ಕಾಡಿನಿಂದ ಸಾಗಿಸೋದು.