ಸಾರ್ಬಿಟ್ರೇಟ್ ಇಟ್ಟುಕೊಂಡರೆ ತಲೆ ಸುತ್ತುತ್ತದೆ, ಸ್ಪ್ರೇಗೆ ಬದಲಾಯಿಸಬಹುದಾ?

ಎದೆನೋವಿಗೆ ಈ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಿಗೆ ಕೆಳಗೆ ಇಡುವಾಗ ನೀವು ನಿಂತಿರುತ್ತೀರಾ, ಕೂತಿರುತ್ತೀರಾ? ನಿಮ್ಮ ಪ್ರಶ್ನೆಯಲ್ಲಿ ಅದೊಂದನ್ನೇ ಬರೆದಿಲ್ಲ. ನಿಂತೇ ಇರುತ್ತೀರಿ ಅಂತ ನನ್ನ ಅನುಮಾನ. ನಾನೂ ಹಾಗೇ ಮಾಡಿದವನು.

ಗೌರಿ ಹಬ್ಬದ ಹಿಂದಿನ ದಿನ, ಗಾಂಧಿ ಬಜಾರ್. ಒಂದು ಕೈಯಲ್ಲಿ ಬಾಳೆಕಂದು, ಇನ್ನೊಂದರಲ್ಲಿ ಹಣ್ಣಿನ ಚೀಲ. ಎದೆ ಹಿಂಡತೊಡಗಿತು. ಜೇಬಿನಲ್ಲಿ 5 ಮಿಲಿಗ್ರಾಂ ಸಾರ್ಬಿಟ್ರೇಟ್ ಇತ್ತು. ಹೂವಿನಮ್ಮ ನನ್ನ ಮುಖ ನೋಡಿ ಬುಟ್ಟಿ ಬೋರಲು ಹಾಕಿ, "ಕೂತ್ಕಳಿ ಸ್ವಾಮಿ" ಅಂದರು. ನಾನು ಕೂರಲಿಲ್ಲ. ಯಾಕೆ ಗೊತ್ತಾ? ಬುಟ್ಟಿ ಒದ್ದೆಯಾಗಿತ್ತು, ನನ್ನದು ಆಗ ತಾನೇ ಇಸ್ತ್ರಿ ಮಾಡಿಸಿದ ಬಿಳಿ ಪಂಚೆ.

"ಕೂತು ಇಟ್ಟುಕೊಳ್ಳಿ" ಅಂತ ಡಾಕ್ಟರ್ ಎರಡೆರಡು ಸಲ ಹೇಳಿದ್ದರು. ವಯಸ್ಸಾದವರಿಗೆ "ಮೆಟ್ಟಿಲು ನೋಡ್ಕೊಂಡು ಇಳೀರಿ" ಅನ್ನುತ್ತಾರಲ್ಲ, ಸುಮ್ನೆ ಆ ಥರದ ಮಾತು ಅಂದುಕೊಂಡಿದ್ದೆ. ಈ ಮಾತ್ರೆ ರಕ್ತನಾಳಗಳನ್ನು ಸಡಿಲ ಮಾಡುತ್ತದೆ. ಹೃದಯದ ಹೊರೆ ಇಳಿಯುವುದೂ ಅದರಿಂದಲೇ. ಆದರೆ ನಿಂತಿದ್ದರೆ ರಕ್ತ ಕಾಲಿನ ಕಡೆ ಇಳಿದು ಅಲ್ಲೇ ನಿಲ್ಲುತ್ತದೆ, ಬಿಪಿ ಬೀಳುತ್ತದೆ, ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತದೆ. ನಾನು ಬಿದ್ದದ್ದು ಫುಟ್‌ಪಾತಿನ ಕಲ್ಲಂಚಿಗೆ. ಹುಬ್ಬಿಗೆ 4 ಹೊಲಿಗೆ. ಎದೆನೋವೇನೋ ಹೋಗಿತ್ತು! ಪಂಚೆಯ ಕಥೆ ಕೇಳಬೇಡಿ.

ಹಾಗಾಗಿ ಮಾತ್ರೆಯೋ ಸ್ಪ್ರೇಯೋ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಸ್ಪ್ರೇಯಲ್ಲಿರುವುದೂ ಅದೇ ಜಾತಿಯ ಔಷಧ. ನಿಂತು ಹೊಡೆದುಕೊಂಡರೆ ಅದೂ ಬೀಳಿಸುತ್ತದೆ. ಮೊದಲು ಕೂರಿ. ಕೂತಾಗಲೂ ಸುತ್ತು ಬಂದರೆ ಡಾಕ್ಟರ್ ಹತ್ತಿರ ಹೋಗಿ, ಬಿಪಿ ಮಾತ್ರೆಗಳ ಚೀಟಿಯೂ ಜೊತೆಗಿರಲಿ.

ಇನ್ನೊಂದು ವಿಷಯ, ಸಂಕೋಚ ಬಿಟ್ಟು ಕೇಳಿ. ವಯಾಗ್ರ ಥರದ ಮಾತ್ರೆ ತೆಗೆದುಕೊಂಡಿದ್ದರೆ ಇದನ್ನು ಮುಟ್ಟಲೇಬೇಡಿ. ಸಿಲ್ಡೆನಾಫಿಲ್ (ವಯಾಗ್ರದಲ್ಲಿರುವ ಔಷಧ) ಆದರೆ ಕನಿಷ್ಠ 24 ಗಂಟೆ, ಅದೇ ಥರದ ಟಡಲಾಫಿಲ್ ಆದರೆ 48 ಗಂಟೆ ಅಂತರ ಬೇಕು. ಅಂಥ ಮಾತ್ರೆಯೂ ಸಾರ್ಬಿಟ್ರೇಟೂ ಸೇರಿದರೆ ಬಿಪಿ ಪ್ರಾಣ ಹೋಗುವಷ್ಟು ಇಳಿಯಬಹುದು. ಆ ಹೊತ್ತಿನಲ್ಲಿ ಎದೆನೋವು ಬಂದರೆ ನೇರವಾಗಿ ಆಸ್ಪತ್ರೆ, ಅಲ್ಲಿ ಡ್ಯೂಟಿ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ನಾಚಿಕೆಪಡುವ ಹೊತ್ತಲ್ಲ ಅದು.

ಮಾತ್ರೆ ಇಟ್ಟು 5 ನಿಮಿಷವಾದರೂ ನೋವು ಇಳಿಯದಿದ್ದರೆ, ಅಥವಾ ಜಾಸ್ತಿಯಾದರೆ, 108ಕ್ಕೆ ಫೋನ್ ಮಾಡಿ. "ಗ್ಯಾಸ್ ಇರಬೇಕು" ಅಂತ ಕಾಯಬೇಡಿ. ನೀವೇ ಗಾಡಿ ಓಡಿಸಿಕೊಂಡು ಬೆಂಗಳೂರಿನ ಟ್ರಾಫಿಕ್‌ಗೆ ಇಳಿಯಲೂ ಬೇಡಿ.